ಬರೆಯದ 'ದಿಸ್': ಕ್ಲ್ಯಾಂಗ್ ಕಂಪೈಲರಿನ ವಾಕ್ಯವೃಕ್ಷದಲ್ಲಿ ಲೋಪ ಮತ್ತು ಕಾರಕ

ಭಾಷಾವಿಜ್ಞಾನದ ತರಗತಿಗಳಲ್ಲಿ ಪ್ರೋಗ್ರಾಮಿಂಗ್ ಭಾಷೆಯ ವಾಕ್ಯವೃಕ್ಷವನ್ನು ಒಂದು ನಿರಾಳ ಉದಾಹರಣೆಯಾಗಿ ಬಳಸುವ ರೂಢಿಯಿದೆ. ಸಹಜ ಭಾಷೆಯ ವಾಕ್ಯಕ್ಕೆ ಒಂದಕ್ಕಿಂತ ಹೆಚ್ಚು ವೃಕ್ಷಗಳು ಸಾಧ್ಯ. ಅದರಲ್ಲಿ ಅನುಕ್ತ ಪದಗಳಿರುತ್ತವೆ. ಅವನ್ನು ಎಲ್ಲಿ ಕೂರಿಸಬೇಕೆಂಬುದರ ಬಗ್ಗೆ ಪಂಥಗಳೇ ಇವೆ. ಕಂಪೈಲರಿಗೆ ಮಾತ್ರ ಈ ತೊಡಕುಗಳಿಲ್ಲ, ಅಲ್ಲಿ ಬರೆದದ್ದೇ ವೃಕ್ಷ ಎಂಬುದು ಆ ಉದಾಹರಣೆಯ ಹಿಂದಿರುವ ನಂಬಿಕೆ. ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳ ಮಟ್ಟಿಗಾದರೂ ಈ ನಂಬಿಕೆ ನಿಲ್ಲುವುದಿಲ್ಲ. ಆ ಭಾಷೆಗಳಲ್ಲಿ ಬರೆಯದೆ ಬಿಟ್ಟ ಸರ್ವನಾಮಗಳಿವೆ, ಅವುಗಳಿಗೆ ವೃಕ್ಷದಲ್ಲಿ ಸ್ಥಾನ ಕೊಡಬೇಕೇ ಬೇಡವೇ ಎಂಬ ಪ್ರಶ್ನೆಯಿದೆ, ಒಂದೊಂದು ಕಂಪೈಲರು ಒಂದೊಂದು ಉತ್ತರ ಕೊಟ್ಟಿದೆ. ಕನ್ನಡ ವಾಕ್ಯಗಳಿಗೆ ವೃಕ್ಷಟಿಪ್ಪಣಿ ಹಾಕುವವರು ಎದುರಿಸುವ ಪ್ರಶ್ನೆಯೂ ಇದೇ ಆಗಿರುವುದರಿಂದ ಈ ಉತ್ತರಗಳನ್ನು ವಿಮರ್ಶೆಗೆ ಒಳಪಡಿಸುವುದು ನಮಗೆ ಉಪಯುಕ್ತವೆನಿಸಿದೆ.

ಪ್ರೋಗ್ರಾಮಿಂಗ್ ಭಾಷೆಗೂ ಭಾರತೀಯ ವ್ಯಾಕರಣಕ್ಕೂ ಗಂಟುಹಾಕುವ ಬರವಣಿಗೆ ಹೊಸತಲ್ಲ. 1967ರಲ್ಲಿ ಇಂಗರ್ಮನ್ ಅವರು ಬ್ಯಾಕಸ್ ರೂಪಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಸೂಚಿಸಿದಂದಿನಿಂದ ಅಂಥ ಹೋಲಿಕೆಗಳು ಬರುತ್ತಲೇ ಇವೆ. ಅವುಗಳಲ್ಲಿ ಹೆಚ್ಚಿನವು ಅಭಿಮಾನದಿಂದ ಆರಂಭವಾಗಿ ಅಭಿಮಾನದಲ್ಲೇ ಮುಗಿಯುತ್ತವೆ. ನಾವು ಇಲ್ಲಿ ಪಾಣಿನೀಯ ಪರಿಭಾಷೆಯನ್ನು ಬಳಸುವುದು ಕೀರ್ತಿಯ ಪಾಲು ಕೇಳುವುದಕ್ಕಲ್ಲ. ನಮ್ಮ ವಿಮರ್ಶೆಗೆ ಬೇಕಾದ ಎರಡು ಭೇದಗಳು, ಅಂದರೆ ಲೋಪಕ್ಕೂ ಅಭಾವಕ್ಕೂ ಇರುವ ಭೇದ ಮತ್ತು ಕಾರಕಕ್ಕೂ ವಿಭಕ್ತಿಗೂ ಇರುವ ಭೇದ, ಅಲ್ಲಿ ಸಿದ್ಧವಾಗಿ ದೊರೆಯುತ್ತವೆ ಎಂಬ ಕಾರಣಕ್ಕೆ ಮಾತ್ರ.

ವಿಮರ್ಶೆಯ ವಸ್ತು ಸಿ++ ಭಾಷೆಗೆ ಕ್ಲ್ಯಾಂಗ್ ಕಂಪೈಲರು ಕಟ್ಟುವ ಅಮೂರ್ತ ವಾಕ್ಯವೃಕ್ಷ. ಕ್ಲ್ಯಾಂಗ್ ಎಂಬುದು ಎಲ್‌ಎಲ್‌ವಿಎಂ ಯೋಜನೆಯ ಭಾಗ. 2007ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದಿತು. ಅದರ ದಸ್ತಾವೇಜು ಒಂದು ದೊಡ್ಡ ಮಾತನ್ನು ಹೇಳಿಕೊಳ್ಳುತ್ತದೆ: ಈ ವೃಕ್ಷವು ಪ್ರೋಗ್ರಾಮರ್ ಬರೆದ ಪಠ್ಯಕ್ಕೂ ಹತ್ತಿರವಾಗಿದೆ, ಸಿ++ ಭಾಷೆಯ ಅಧಿಕೃತ ಮಾನಕಕ್ಕೂ ಹತ್ತಿರವಾಗಿದೆ ಎಂದು. ಇತರ ಕಂಪೈಲರುಗಳು ಕಿತ್ತು ಬಿಸಾಡುವ ಆವರಣ ಚಿಹ್ನೆಗಳಿಗೂ ಇದರಲ್ಲಿ ಸ್ವಂತ ಗಂಟು ಇದೆ. ಹೀಗೆ ಎರಡು ನಿಷ್ಠೆಗಳನ್ನು ಏಕಕಾಲಕ್ಕೆ ಹೊತ್ತ ವೃಕ್ಷವನ್ನು ಭಾಷಾವಿಜ್ಞಾನಿಯು ಸಂಶಯದಿಂದಲೇ ನೋಡಬೇಕಾಗುತ್ತದೆ. ಒಂದು ನಿಷ್ಠೆ ರೂಪಕ್ಕೆ, ಇನ್ನೊಂದು ಅರ್ಥಕ್ಕೆ. ಇವೆರಡೂ ಬೇರೆ ದಾರಿ ಹಿಡಿದಾಗ ವೃಕ್ಷ ಯಾರ ಹಿಂದೆ ಹೋಗುತ್ತದೆ?

ಉದಾಹರಣೆಗಳಲ್ಲಿ ಪ್ರೋಗ್ರಾಮರ್ ಇಡುವ ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿದ್ದೇವೆ (ಕ್ಲ್ಯಾಂಗ್ ಇಂಥ ಹೆಸರುಗಳನ್ನು ಒಪ್ಪುತ್ತದೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಸುಲಭಕ್ಕೆ ನಂಬುವುದಿಲ್ಲ). ಭಾಷೆಯ ಕೀಲಿಪದಗಳನ್ನೂ ಗಂಟುಗಳ ಹೆಸರುಗಳನ್ನೂ ಉಚ್ಚಾರಕ್ಕೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ. ಸಿ++ಗೆ ವಿಶಿಷ್ಟವಾದ ಗಂಟುಗಳಿಗೆ ಕ್ಲ್ಯಾಂಗ್ ಅಂಟಿಸುವ ಪೂರ್ವಾಕ್ಷರಗಳನ್ನು ಬಿಟ್ಟಿದ್ದೇವೆ.

ಲೋಪ ಮತ್ತು ಅಭಾವ

'ಖಾತೆ' ಎಂಬ ಒಂದು ಕ್ಲಾಸ್ ಇದೆಯೆನ್ನೋಣ. ಅದರೊಳಗೆ 'ಶಿಲ್ಕು' ಎಂಬ ದತ್ತಾಂಶ ಸದಸ್ಯವೂ 'ಉಳಿಕೆ' ಎಂಬ ಮೆಥಡೂ ಇವೆ. ಮೆಥಡಿನ ಒಡಲಲ್ಲಿರುವುದು ಇಷ್ಟೇ: 'ರಿಟರ್ನ್ ಶಿಲ್ಕು'. ಯಾರ ಶಿಲ್ಕು? ಯಾವ ಖಾತೆಯ ಮೇಲೆ ಮೆಥಡನ್ನು ಕರೆಯಲಾಗಿದೆಯೋ ಅದರದು. ಆ ಖಾತೆಯನ್ನು ಸೂಚಿಸುವ 'ದಿಸ್' ಎಂಬ ಸರ್ವನಾಮ ಭಾಷೆಯಲ್ಲಿದೆ. 'ದಿಸ್->ಶಿಲ್ಕು' ಎಂದು ಬರೆಯಲೂಬಹುದು. ಆದರೆ ಬರೆಯದಿರುವುದೇ ಸಾಮಾನ್ಯ ರೂಢಿ, ಕನ್ನಡದಲ್ಲಿ 'ನಾನು ಬಂದೆ' ಎನ್ನದೆ 'ಬಂದೆ' ಎಂದರೆ ಸಾಕಾಗುವಂತೆ.

ಕ್ಲ್ಯಾಂಗ್ ಇದಕ್ಕೆ ಕಟ್ಟುವ ವೃಕ್ಷದಲ್ಲಿ ರಿಟರ್ನ್ ಗಂಟಿನ ಕೆಳಗೆ ಒಂದು ಅಂತರ್ನಿಹಿತ ಪರಿವರ್ತನೆಯ ಗಂಟು, ಅದರ ಕೆಳಗೆ 'ಶಿಲ್ಕು' ಎಂಬ ಸದಸ್ಯದ 'ಮೆಂಬರ್ ಎಕ್ಸ್‌ಪ್ರೆಶನ್' ಗಂಟು, ಅದರ ಕೆಳಗೆ 'ದಿಸ್ ಎಕ್ಸ್‌ಪ್ರೆಶನ್' ಗಂಟು ಇರುತ್ತವೆ. ಕೊನೆಯ ಗಂಟಿನ ಮೇಲೆ 'ಇಂಪ್ಲಿಸಿಟ್' ಎಂಬ ಗುರುತು ಇರುತ್ತದೆ. ಪ್ರೋಗ್ರಾಮರ್ 'ದಿಸ್->ಶಿಲ್ಕು' ಎಂದೇ ಬರೆದಿದ್ದರೆ ವೃಕ್ಷದ ಆಕಾರ ಬದಲಾಗುತ್ತಿರಲಿಲ್ಲ. ಆ ಗುರುತು ಮಾತ್ರ ಇರುತ್ತಿರಲಿಲ್ಲ. ಇನ್ನೊಂದು ಸೂಕ್ಷ್ಮವೂ ಗಮನಾರ್ಹ. ವೃಕ್ಷದ ಪ್ರತಿ ಗಂಟಿಗೂ ಮೂಲಪಠ್ಯದಲ್ಲಿ ಒಂದು ಸ್ಥಳವನ್ನು ನಮೂದಿಸಬೇಕು. ಬರೆಯದ ಸರ್ವನಾಮಕ್ಕೆ ಸ್ಥಳ ಎಲ್ಲಿಂದ ಬರಬೇಕು? ಕ್ಲ್ಯಾಂಗ್ ಅದಕ್ಕೆ 'ಶಿಲ್ಕು' ಎಂಬ ಹೆಸರಿನ ಸ್ಥಳವನ್ನೇ ಕೊಡುತ್ತದೆ. 'ಬಂದೆ' ಎಂಬಲ್ಲಿ ಉತ್ತಮ ಪುರುಷ ಏಕವಚನ ಎಲ್ಲಿದೆ ಎಂದು ಕೇಳಿದರೆ ನಾವು ಕ್ರಿಯಾಪದದ ಪ್ರತ್ಯಯವನ್ನು ತೋರಿಸುವುದಿಲ್ಲವೇ, ಇದೂ ಹಾಗೆಯೇ.

ಪಾಣಿನಿಯ ಲೋಪಸಂಜ್ಞೆ (1.1.60) ಹೇಳುವುದೂ ಇದನ್ನೇ: ಇರಬೇಕಾದದ್ದು ಕಾಣದಿರುವುದು ಲೋಪ, ಬರಿಯ ಇಲ್ಲದಿರುವಿಕೆ ಲೋಪವಲ್ಲ. ಕಾಣದಿದ್ದರೂ ಅದು ಕೆಲಸ ಮಾಡುತ್ತಲೇ ಇರುತ್ತದೆ. ಪ್ರತ್ಯಯ ಲೋಪವಾದ ಮೇಲೂ ಅದನ್ನು ನಿಮಿತ್ತವಾಗಿಟ್ಟುಕೊಂಡ ಕಾರ್ಯ ನಡೆಯುತ್ತದೆ ಎಂಬುದು ಅಲ್ಲಿಂದ ಎರಡು ಸೂತ್ರಗಳ ಮುಂದಿನ ಮಾತು. ಕ್ಲ್ಯಾಂಗಿನ 'ಇಂಪ್ಲಿಸಿಟ್' ಗುರುತು ಲೋಪದ ಗುರುತು.

ಈ ಆಯ್ಕೆಯ ಬೆಲೆ ತಿಳಿಯಬೇಕಾದರೆ ಬೇರೆ ಆಯ್ಕೆಗಳನ್ನು ನೋಡಬೇಕು. ಜಾವಾ ಭಾಷೆಗೆ ಎಕ್ಲಿಪ್ಸ್ ಸಾಧನಗಳು ಕಟ್ಟುವ ವೃಕ್ಷದಲ್ಲಿ ಮೆಥಡ್ ಕರೆಯ ಗಂಟಿಗೆ 'ಯಾವುದರ ಮೇಲೆ' ಎಂಬುದನ್ನು ಹೇಳುವ ಒಂದು ಶಾಖೆ ಇದೆ. ಪ್ರೋಗ್ರಾಮರ್ ಬರಿದೇ 'ಉಳಿಕೆ()' ಎಂದು ಬರೆದರೆ ಆ ಶಾಖೆ ಖಾಲಿಯಾಗಿರುತ್ತದೆ. ಈ ಖಾಲಿತನಕ್ಕೆ ಕನಿಷ್ಠ ಮೂರು ಅರ್ಥಗಳಿವೆ. ಅದು ಇದೇ ಆಬ್ಜೆಕ್ಟಿನ ಮೆಥಡ್ ಆಗಿರಬಹುದು. ಹೊರಗಿನ ಕ್ಲಾಸಿಗೆ ಸೇರಿದ ಮೆಥಡ್ ಆಗಿರಬಹುದು. ಯಾವ ಆಬ್ಜೆಕ್ಟೂ ಬೇಕಿಲ್ಲದ ಸ್ಟ್ಯಾಟಿಕ್ ಮೆಥಡ್ ಆಗಿರಬಹುದು. ವೃಕ್ಷ ಇವನ್ನು ಬೇರ್ಪಡಿಸುವುದಿಲ್ಲ. ಹೆಸರುಗಳ ಸಂಬಂಧವನ್ನು ಹೇಳುವ ಬೇರೊಂದು ಕೋಷ್ಟಕವನ್ನು ನೋಡಬೇಕು. ಕ್ಲ್ಯಾಂಗಿನಲ್ಲಿ ಸ್ಟ್ಯಾಟಿಕ್ ಮೆಥಡನ್ನು ಹೀಗೆ ಕರೆದರೆ ಅದು ಸಾಮಾನ್ಯ ಕರೆಯ ಗಂಟಾಗುತ್ತದೆ, ಅದರ ಕೆಳಗೆ 'ದಿಸ್' ಇರುವುದೇ ಇಲ್ಲ. 'ಬಂದ' ಎಂಬಲ್ಲಿ ಅಧ್ಯಾಹಾರ ಮಾಡಿಕೊಳ್ಳಬೇಕಾದ ಒಬ್ಬನಿದ್ದಾನೆ. 'ತಡವಾಯಿತು' ಎಂಬಲ್ಲಿ ಅಂಥ ಯಾರೂ ಇಲ್ಲ, 'ತಡ' ಎಂಬುದು ಕ್ರಿಯೆಯೊಳಗೇ ಸೇರಿಹೋಗಿದೆ. ಎರಡರಲ್ಲೂ ಕಣ್ಣಿಗೆ ಕಾಣುವ ಕರ್ತೃಪದವಿಲ್ಲವೆಂದು ಎರಡಕ್ಕೂ ಒಂದೇ ಖಾಲಿ ಜಾಗವನ್ನು ಬಿಡುವ ವೃಕ್ಷವು ಲೋಪವನ್ನೂ ಅಭಾವವನ್ನೂ ಒಂದು ಮಾಡುತ್ತದೆ.

ಪೈಥಾನ್ ಭಾಷೆಯದು ಮೂರನೆಯ ದಾರಿ. ಅಲ್ಲಿ ಆಬ್ಜೆಕ್ಟನ್ನು ಸೂಚಿಸುವ ಹೆಸರನ್ನು ('ಸೆಲ್ಫ್' ಎಂದು ಕರೆಯುವುದು ರೂಢಿ) ಮೆಥಡಿನ ಮೊದಲ ನಿಯತಾಂಕವಾಗಿ ಬರೆಯಲೇಬೇಕು. ಆದ್ದರಿಂದ ವೃಕ್ಷದಲ್ಲಿ ಲೋಪದ ಪ್ರಶ್ನೆಯೇ ಏಳುವುದಿಲ್ಲವೆಂದು ತೋರುತ್ತದೆ. ಆದರೆ ಮಾತೃ ಕ್ಲಾಸಿನ ಮೆಥಡನ್ನು ಕರೆಯಲು 'ಸೂಪರ್()' ಎಂದು ಬರಿದೇ ಬರೆಯುವ ಸೌಕರ್ಯವನ್ನು ಪೈಥಾನ್ 3 ಒದಗಿಸಿತು. ಆಗ ಬೇಕಾಗುವ ಕ್ಲಾಸನ್ನೂ ಆಬ್ಜೆಕ್ಟನ್ನೂ ಭಾಷೆ ತಾನೇ ಹುಡುಕಿಕೊಳ್ಳುತ್ತದೆ. ವೃಕ್ಷವನ್ನು ನೋಡಿದರೆ ಅಲ್ಲಿರುವುದು ಅರ್ಗ್ಯುಮೆಂಟುಗಳಿಲ್ಲದ ಒಂದು ಸಾಧಾರಣ ಕರೆ. ಅನುಕ್ತಕ್ಕೆ ಆಸ್ಪದವಿಲ್ಲವೆಂದು ಹೆಮ್ಮೆಪಡುವ ಭಾಷೆಯಲ್ಲೂ ಅನುಕ್ತ ನುಸುಳಿದೆ, ಮತ್ತು ನುಸುಳಿದ್ದಕ್ಕೆ ಗುರುತೂ ಇಲ್ಲ. ಪೈಥಾನ್ ವೃಕ್ಷದ ಪರವಾಗಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು: ಪ್ರತಿ ಹೆಸರಿನ ಗಂಟಿಗೂ ಅದು 'ಲೋಡ್', 'ಸ್ಟೋರ್', 'ಡೆಲ್' ಎಂಬ ಮೂರರಲ್ಲಿ ಒಂದು ಸಂದರ್ಭವನ್ನು ಅಂಟಿಸುತ್ತದೆ. ಒಂದೇ ಪ್ರಾತಿಪದಿಕಕ್ಕೆ ಮೂರು ವಿಭಕ್ತಿಗಳಿದ್ದಂತೆ. ಇದರ ಬಗ್ಗೆ ಬೇರೆಯೇ ಬರೆಯಬಹುದು.

ಲೋಪಸ್ಥಾನಕ್ಕೆ ಗುರುತಿರುವ ವೃಕ್ಷದಿಂದ ಗುರುತಿಲ್ಲದ ವೃಕ್ಷವನ್ನು ಯಾವಾಗ ಬೇಕಾದರೂ ಪಡೆಯಬಹುದು, ಅದರ ವಿಪರ್ಯಯ ಸಾಧ್ಯವಿಲ್ಲ. ಕ್ಲ್ಯಾಂಗಿನ ಸಾಧನಗಳಲ್ಲಿ 'ಮೂಲದಲ್ಲಿ ಬರೆದದ್ದನ್ನಷ್ಟೇ ನೋಡು' ಎಂಬ ಒಂದು ಸಂಚಾರ ವಿಧಾನ ಇರುವುದು ಇದಕ್ಕೆ ಸಾಕ್ಷಿ. ಅದೇ ವೃಕ್ಷದ ಮೇಲೆ ಎರಡು ಓದುಗಳು ಸಾಧ್ಯವಾಗುತ್ತವೆ. ಸಹಜ ಭಾಷೆಗಳ ವೃಕ್ಷಕೋಶಗಳಲ್ಲಿ 1990ರ ದಶಕದ ಪೆನ್ ಟ್ರೀಬ್ಯಾಂಕ್ ಈ ದಾರಿಯಲ್ಲಿತ್ತು, ಶೂನ್ಯ ಘಟಕಗಳಿಗೆ ಅದು ಬಗೆಬಗೆಯ ಗುರುತುಗಳನ್ನು ಇಟ್ಟಿತು. ಇಂದು ಪ್ರಚಾರದಲ್ಲಿರುವ ಯೂನಿವರ್ಸಲ್ ಡಿಪೆಂಡೆನ್ಸೀಸ್ ಪದ್ಧತಿ ತನ್ನ ಮೂಲ ಸ್ತರದಲ್ಲಿ ಶೂನ್ಯ ಗಂಟುಗಳನ್ನು ಒಪ್ಪುವುದಿಲ್ಲ. ವಿಸ್ತೃತ ಸ್ತರದಲ್ಲಿ ಒಪ್ಪಿದರೂ ಅದು ಮುಖ್ಯವಾಗಿ ಲೋಪಗೊಂಡ ಕ್ರಿಯಾಪದಗಳಿಗಾಗಿ. ಕರ್ತೃಪದವನ್ನು ಯಥೇಚ್ಛವಾಗಿ ಬಿಡುವ ಕನ್ನಡದಂಥ ಭಾಷೆಗೆ ಈ ಪದ್ಧತಿಯನ್ನು ಯಥಾವತ್ತಾಗಿ ಅನ್ವಯಿಸಿದರೆ ಎಕ್ಲಿಪ್ಸ್ ವೃಕ್ಷದ ಖಾಲಿ ಶಾಖೆಯೇ ನಮ್ಮ ಪಾಲಿಗೂ ಬರುತ್ತದೆ.

ಒಂದು ಪಾತ್ರ, ಮೂರು ಸ್ಥಾನ

ಇಲ್ಲಿಯವರೆಗೆ ಕ್ಲ್ಯಾಂಗನ್ನು ಹೊಗಳಿದ್ದಾಯಿತು. ಇನ್ನು ಮೆಥಡ್ ಕರೆಯ ಗಂಟಿಗೆ ಬರೋಣ. 'ಕ' ಎಂಬುದು ಖಾತೆ ಕ್ಲಾಸಿನ ಒಂದು ಆಬ್ಜೆಕ್ಟ್ ಆಗಿರಲಿ. (ಆಬ್ಜೆಕ್ಟ್ ಎಂಬ ಪದ ವ್ಯಾಕರಣದ ಕರ್ಮವನ್ನು ನೆನಪಿಸಿದರೂ ಇದು ಕರ್ಮವಲ್ಲ, ಯಾರನ್ನು ಉದ್ದೇಶಿಸಿ ಕರೆ ಹೋಗುತ್ತದೆಯೋ, ಯಾರ ಒಡೆತನದಲ್ಲಿ ಕ್ರಿಯೆ ನಡೆಯುತ್ತದೆಯೋ ಅದು. ಇಲ್ಲಿ ಅದನ್ನು 'ಸ್ವಾಮಿ' ಎಂದು ಕರೆಯುತ್ತೇವೆ.) 'ಕ.ಉಳಿಕೆ()' ಎಂದು ಬರೆದರೆ ಕ್ಲ್ಯಾಂಗ್ 'ಮೆಂಬರ್ ಕಾಲ್' ಎಂಬ ಗಂಟನ್ನು ಕಟ್ಟುತ್ತದೆ. ಅದರ ಅರ್ಗ್ಯುಮೆಂಟುಗಳ ಪಟ್ಟಿಯಲ್ಲಿ 'ಕ' ಇರುವುದಿಲ್ಲ. ಕರೆಯಲ್ಪಟ್ಟ ಮೆಥಡನ್ನು ಸೂಚಿಸುವ ಮೆಂಬರ್ ಎಕ್ಸ್‌ಪ್ರೆಶನ್ನಿನ ಕೆಳಗೆ, ಅದರ ಮಗುವಾಗಿ, 'ಕ' ಕುಳಿತಿರುತ್ತದೆ.

ಈಗ ಖಾತೆ ಕ್ಲಾಸಿನಲ್ಲಿ ಕೂಡುವ ಚಿಹ್ನೆಗೆ ಅರ್ಥ ಕೊಡುವ ಒಂದು ಸದಸ್ಯ ಮೆಥಡ್ ಇದೆಯೆನ್ನೋಣ. ಅದನ್ನು 'ಕ.ಆಪರೇಟರ್+(ಖ)' ಎಂದು ಹೆಸರು ಹಿಡಿದು ಕರೆದರೆ ಮೇಲಿನಂತೆಯೇ ಮೆಂಬರ್ ಕಾಲ್ ಗಂಟು ಹುಟ್ಟುತ್ತದೆ. 'ಕ + ಖ' ಎಂದು ಬರೆದರೆ 'ಆಪರೇಟರ್ ಕಾಲ್' ಎಂಬ ಬೇರೆ ಗಂಟು ಹುಟ್ಟುತ್ತದೆ. ಅದರಲ್ಲಿ 'ಕ' ಎಂಬುದು ಮೊದಲ ಅರ್ಗ್ಯುಮೆಂಟು, 'ಖ' ಎರಡನೆಯದು. ಮೆಥಡಿಗೆ ಘೋಷಿತವಾದ ನಿಯತಾಂಕ ಒಂದೇ ಒಂದು, ಗಂಟಿನಲ್ಲಿ ಅರ್ಗ್ಯುಮೆಂಟುಗಳು ಎರಡು. ಯಾವ ಅರ್ಗ್ಯುಮೆಂಟು ಯಾವ ನಿಯತಾಂಕಕ್ಕೆ ಹೋಗುತ್ತದೆಂದು ತಿಳಿಯಬೇಕಾದ ಪರಿಶೀಲನಾ ತಂತ್ರಾಂಶವು ಇಲ್ಲಿ ಎಣಿಕೆಯನ್ನು ಒಂದು ಸ್ಥಾನ ಸರಿಸಬೇಕು. ಆದರೆ ಅದೇ ಚಿಹ್ನೆಗೆ ಕ್ಲಾಸಿನ ಹೊರಗಿನ ಸಾಮಾನ್ಯ ಫಂಕ್ಷನ್ ಅರ್ಥ ಕೊಟ್ಟಿದ್ದರೆ, ಗಂಟು ಅದೇ ಆದರೂ, ಸರಿಸಬಾರದು.

ಮೂರನೆಯದು 2023ರ ಮಾನಕದಿಂದ ಬಂದ ಸೌಕರ್ಯ. ಅದರ ಪ್ರಕಾರ ಮೆಥಡಿನ ನಿಯತಾಂಕಗಳ ಪಟ್ಟಿಯಲ್ಲೇ ಸ್ವಾಮಿಯನ್ನು 'ದಿಸ್ ಖಾತೆ& ಸ್ವ' ಎಂದು ಬಹಿರಂಗವಾಗಿ ಹೆಸರಿಸಬಹುದು. ಹಾಗೆ ಘೋಷಿಸಿದ ಮೆಥಡನ್ನು 'ಕ.ಉಳಿಕೆ()' ಎಂದು ಮೊದಲಿನಂತೆಯೇ ಕರೆಯಲಾಗುತ್ತದೆ. ಪಠ್ಯದಲ್ಲಿ ಒಂದಕ್ಷರವೂ ವ್ಯತ್ಯಾಸವಿಲ್ಲ. ವೃಕ್ಷದಲ್ಲಿ ಮಾತ್ರ ಈಗ ಮೆಂಬರ್ ಕಾಲ್ ಗಂಟು ಇಲ್ಲ. ಸಾಧಾರಣ ಕರೆಯ ಗಂಟು ಇದೆ, ಅದರ ಮೊದಲ ಅರ್ಗ್ಯುಮೆಂಟಾಗಿ 'ಕ' ಇದೆ.

ಈ ಮೂರನ್ನೂ ಎದುರಿಗಿಟ್ಟುಕೊಂಡು ಎರಡು ನಿಷ್ಠೆಗಳ ಮಾತಿಗೆ ಹಿಂದಿರುಗಬೇಕು. 'ಕ + ಖ' ಎಂಬುದನ್ನು 'ಕ.ಆಪರೇಟರ್+(ಖ)' ಎಂದು ಅರ್ಥೈಸಬೇಕೆಂದು ಮಾನಕವೇ ಹೇಳುತ್ತದೆ. ಮಾನಕಕ್ಕೆ ನಿಷ್ಠವಾಗಿದ್ದರೆ ಎರಡಕ್ಕೂ ಒಂದೇ ಆಕಾರ ಸಿಗಬೇಕಿತ್ತು. ಕ್ಲ್ಯಾಂಗ್ ಅಲ್ಲಿ ಪಠ್ಯದ ಹಿಂದೆ ಹೋಯಿತು. ಪಠ್ಯಕ್ಕೆ ನಿಷ್ಠವಾಗಿದ್ದರೆ ಎರಡು ಬಗೆಯ 'ಕ.ಉಳಿಕೆ()'ಗಳಿಗೂ ಒಂದೇ ಆಕಾರ ಸಿಗಬೇಕಿತ್ತು. ಅಲ್ಲಿ ಅದು ಅರ್ಥದ ಹಿಂದೆ ಹೋಯಿತು. ಹೀಗಾಗಿ ಯಾವ ನಿಷ್ಠೆಯಿಂದಲೂ ಸ್ವಾಮಿಯ ಸ್ಥಾನವನ್ನು ಮುಂಗಾಣಲು ಆಗುವುದಿಲ್ಲ. ಒಂದೊಂದು ಗಂಟನ್ನು ಸೇರಿಸಿದಾಗಲೂ ಆ ಕಾಲಕ್ಕೆ ಅನುಕೂಲವಾದ ಜಾಗ ದೊರೆತಿದೆ, ಅಷ್ಟೆ.

ಈ ದೋಷಕ್ಕೆ ನಮ್ಮ ವ್ಯಾಕರಣ ಪರಂಪರೆಯಲ್ಲಿ ಸ್ಪಷ್ಟವಾದ ಹೆಸರಿದೆ: ವಿಭಕ್ತಿಯನ್ನು ಕಾರಕವೆಂದು ಭಾವಿಸುವುದು. 'ನಾನು ಬಲ್ಲೆ' ಮತ್ತು 'ನನಗೆ ಗೊತ್ತು' ಎಂಬೆರಡರಲ್ಲಿ ತಿಳಿದಿರುವಾತ ಒಬ್ಬನೇ, ವಿಭಕ್ತಿ ಬೇರೆ. 1979ರಲ್ಲಿ ಎಸ್.ಎನ್. ಶ್ರೀಧರ್ ಅವರು ಚತುರ್ಥಿ ಕರ್ತೃಗಳ ಬಗ್ಗೆ ಬರೆದಾಗಿನಿಂದ ಇಂಥ ವಾಕ್ಯಗಳು ಕನ್ನಡ ವಾಕ್ಯವಿಜ್ಞಾನದ ಪರಿಚಿತ ಸಾಮಗ್ರಿ. ಪಾತ್ರವನ್ನು ಸ್ಥಾನದಿಂದಲೋ ಪ್ರತ್ಯಯದಿಂದಲೋ ನೇರವಾಗಿ ಓದಿಕೊಳ್ಳಲಾಗದೆಂಬುದು ನಮಗೆ ಗೊತ್ತಿರುವ ಸಂಗತಿ. ಪಾಣಿನೀಯರು ಅದಕ್ಕಾಗಿಯೇ ಕಾರಕಗಳನ್ನು ಒಂದೆಡೆ, ವಿಭಕ್ತಿಗಳನ್ನು ಇನ್ನೊಂದೆಡೆ ವಿಧಿಸಿ, ನಡುವೆ ಒಂದು ನಿಬಂಧನೆಯನ್ನಿಟ್ಟರು: ಕಾರಕವು ಬೇರೆ ಯಾವುದರಿಂದಲೂ ಉಕ್ತವಾಗದಿದ್ದಾಗ ಮಾತ್ರ ವಿಭಕ್ತಿ ಅದನ್ನು ಹೇಳಬೇಕು (2.3.1). ಕ್ಲ್ಯಾಂಗಿನ ವೃಕ್ಷದಲ್ಲಿ ವಿಭಕ್ತಿಗಳು ಮೂರಿವೆ, ಕಾರಕವೆಂಬ ಸ್ತರ ಇಲ್ಲ.

ಇದಕ್ಕೆ ಬರಬಹುದಾದ ಸಮಾಧಾನ ನಮಗೆ ತಿಳಿದಿದೆ. ವೃಕ್ಷದ ಆಕಾರ ಹೇಗೇ ಇರಲಿ, ಸ್ವಾಮಿಯನ್ನು ಹುಡುಕಿಕೊಡುವ ಒಂದು ಉಪಫಂಕ್ಷನ್ ಇದ್ದರೆ ಸಾಕು ಎನ್ನಬಹುದು. ಮೆಂಬರ್ ಕಾಲ್ ಗಂಟಿಗೆ ಅಂಥದ್ದು ಇದೆ ಕೂಡ. ಆದರೆ ಅದು ಆ ಗಂಟಿಗೆ ಮಾತ್ರ ಸೇರಿದ್ದು. ಉಳಿದೆರಡು ಕಡೆ ಸಾಧನ ಬರೆಯುವವರು ತಾವೇ ಲೆಕ್ಕ ಹಾಕಬೇಕು. ಪಾತ್ರವನ್ನು ನಿರೂಪಿಸುವುದಕ್ಕೂ, ಪ್ರತಿ ಸಲ ಮತ್ತೆ ಊಹಿಸುವುದಕ್ಕೂ ಅಂತರವಿದೆ. ಇದಕ್ಕಿಂತ ಬಲವಾದ ಆಕ್ಷೇಪ ಬೇರೊಂದು ದಿಕ್ಕಿನಿಂದ ಬರಬಹುದು. ಡಿ.ಎನ್. ಶಂಕರ ಭಟ್ಟರು 1991ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಕರ್ತೃ, ಕರ್ಮಗಳಂಥ ವ್ಯಾಕರಣ ಸಂಬಂಧಗಳು ಎಲ್ಲ ಭಾಷೆಗಳಿಗೂ ಅಗತ್ಯವಲ್ಲ, ಕನ್ನಡಕ್ಕೆ ಅವಿಲ್ಲದೆ ನಡೆಯುತ್ತದೆ ಎಂದು ವಾದಿಸಿದ್ದಾರೆ. ಹಾಗಿರುವಾಗ 'ಸ್ವಾಮಿ' ಎಂಬ ಇನ್ನೊಂದು ಸಂಬಂಧವನ್ನು ಕಂಪೈಲರಿನ ಮೇಲೆ ಹೇರುವುದೇಕೆ? ನಮ್ಮ ಉತ್ತರ: ಭಟ್ಟರು ಅಲ್ಲಗಳೆದದ್ದು ಅರ್ಥಪಾತ್ರವನ್ನೂ ಸಂದರ್ಭದ ಪ್ರಾಧಾನ್ಯವನ್ನೂ ಬೆರೆಸಿ ಒಂದು ಮಾಡುವ ಸಂಬಂಧವನ್ನು, ಅರ್ಥಪಾತ್ರವನ್ನಲ್ಲ. ಸಿ++ ಭಾಷೆಯಲ್ಲಿ ಸ್ವಾಮಿ ಎಂಬುದು ಅರ್ಥಪಾತ್ರವೇ. ಯಾವ ಆಬ್ಜೆಕ್ಟಿನ ಶಿಲ್ಕು ಬದಲಾಗುತ್ತದೆ ಎಂಬುದು ಅದರಿಂದ ನಿರ್ಣಯವಾಗುತ್ತದೆ.

ವರ್ಚುವಲ್ ಕರೆಗಳ ವಿಷಯದಲ್ಲೂ ಇದೇ ಜಾಡು ಕಾಣುತ್ತದೆ. ಓಡುವ ಹೊತ್ತಿನಲ್ಲಿ ಯಾವ ಕ್ಲಾಸಿನ ಮೆಥಡನ್ನು ಆರಿಸಬೇಕೆಂದು ನಿರ್ಧರಿಸುವ ಕರೆಗೂ, ಕ್ಲಾಸಿನ ಹೆಸರನ್ನು ಮುಂದಿಟ್ಟು ಆ ಆಯ್ಕೆಯನ್ನು ಕಟ್ಟಿಹಾಕಿದ ಕರೆಗೂ ಕ್ಲ್ಯಾಂಗಿನಲ್ಲಿ ಒಂದೇ ಗಂಟು. ಮೆಥಡಿನ ಘೋಷಣೆಯನ್ನೂ ಹೆಸರಿನ ಹಿಂದಿನ ವಿಶೇಷಣವನ್ನೂ ಕೂಡಿಸಿ ಓದಿದರೆ ಮಾತ್ರ ಭೇದ ತಿಳಿಯುತ್ತದೆ. ಜಿಸಿಸಿ ಕಂಪೈಲರು ವರ್ಚುವಲ್ ಕರೆಗೆ ಪ್ರತ್ಯೇಕ ಗಂಟನ್ನು ಇಡುತ್ತದೆ, ಸ್ವಾಮಿಯನ್ನು ಯಾವಾಗಲೂ ಮೊದಲ ಅರ್ಗ್ಯುಮೆಂಟಿನಲ್ಲೇ ಕೂರಿಸುತ್ತದೆ. ಏಕರೂಪತೆ ದೊರೆಯಿತು, ಆದರೆ ಪ್ರೋಗ್ರಾಮರ್ ಏನು ಬರೆದಿದ್ದ ಎಂಬುದು ಅಲ್ಲಿ ಮಸುಕಾಗುತ್ತದೆ.

ಪುನಃಪ್ರಾಪ್ತಿಯ ನಿಯಮ

ಸರ್ವನಾಮವನ್ನು ಬಿಡಲು ಯಾವಾಗ ಅನುಮತಿಯಿದೆ ಎಂಬುದು ಸಹಜ ಭಾಷೆಗಳಲ್ಲಿ ಹಳೆಯ ಪ್ರಶ್ನೆ. ಬಿಟ್ಟದ್ದನ್ನು ಮರಳಿ ಪಡೆಯಲು ಸಾಧ್ಯವಿರಬೇಕು ಎಂಬುದು ಸಾಮಾನ್ಯವಾಗಿ ಕೊಡುವ ಉತ್ತರ. ಸಿ++ ಭಾಷೆಯ ಟೆಂಪ್ಲೇಟುಗಳಲ್ಲಿ ಈ ನಿಯಮ ಅನಿರೀಕ್ಷಿತವಾಗಿ ಸ್ಪಷ್ಟ ರೂಪದಲ್ಲಿ ಎದುರಾಗುತ್ತದೆ. ಒಂದು ಕ್ಲಾಸ್ ಟೆಂಪ್ಲೇಟಿನ ಮಾತೃ ಕ್ಲಾಸು ಇನ್ನೂ ಗೊತ್ತಾಗದ ಟೈಪನ್ನು ಅವಲಂಬಿಸಿದ್ದರೆ, ಬರಿದೇ 'ಶಿಲ್ಕು' ಎಂಬ ಹೆಸರನ್ನು ಕಂಪೈಲರು ಆ ಮಾತೃ ಕ್ಲಾಸಿನಲ್ಲಿ ಹುಡುಕುವುದಿಲ್ಲ. ಆ ಹೆಸರು ಅಲ್ಲಿದೆಯೋ ಇಲ್ಲವೋ ಆ ಘಟ್ಟದಲ್ಲಿ ಯಾರಿಗೂ ತಿಳಿಯದು. ಅಲ್ಲಿ 'ದಿಸ್->ಶಿಲ್ಕು' ಎಂದು ಬಾಯಿಬಿಟ್ಟು ಹೇಳಬೇಕು, ಇಲ್ಲವೇ ಮಾತೃ ಕ್ಲಾಸನ್ನು ಹೆಸರಿಸಬೇಕು. ಹೊಸ ಪ್ರೋಗ್ರಾಮರುಗಳಿಗೆ ಇದು ವಿನಾಕಾರಣ ಕಿರಿಕಿರಿಯೆನಿಸುತ್ತದೆ; ವಾಕ್ಯವಿಜ್ಞಾನ ಓದಿದವರಿಗೆ ಹಾಗನ್ನಿಸಬೇಕಿಲ್ಲ.

ಹೋಲಿಕೆಯ ಮಿತಿಯೂ ಇಲ್ಲೇ ಇದೆ. ಕನ್ನಡದ 'ಬರಲಿಲ್ಲ', 'ಬರಬೇಕು' ಎಂಬ ರೂಪಗಳಲ್ಲಿ ಪುರುಷ, ಲಿಂಗ, ವಚನಗಳ ಸುಳಿವೇ ಇಲ್ಲ. ಆದರೂ ಕರ್ತೃಪದವನ್ನು ನಾವು ನಿರಾತಂಕವಾಗಿ ಬಿಡುತ್ತೇವೆ. ಪ್ರಸಂಗ ಅದನ್ನು ತುಂಬಿಕೊಡುತ್ತದೆ. ಕಂಪೈಲರಿಗೆ ಘೋಷಣೆಗಳಿವೆ, ಪ್ರಸಂಗವಿಲ್ಲ.

ಆದರೂ ಮುಂದಿನ ಪಠ್ಯದ ಪ್ರಭಾವ ಹಿಂದಿನ ವೃಕ್ಷದ ಮೇಲೆ ಬೀಳುವ ಒಂದು ವಿಚಿತ್ರ ಸಂದರ್ಭ ಕ್ಲ್ಯಾಂಗಿನಲ್ಲಿದೆ. ಪ್ರೋಗ್ರಾಮರ್ ಬರೆಯದಿದ್ದರೂ ಕ್ಲಾಸಿಗೆ ಕನ್‌ಸ್ಟ್ರಕ್ಟರುಗಳು ಇರುತ್ತವೆ ಎಂದು ಮಾನಕ ಹೇಳುತ್ತದೆ. ಕ್ಲ್ಯಾಂಗ್ ಇವನ್ನು ಬೇಕಾದಾಗ ಮಾತ್ರ ವೃಕ್ಷಕ್ಕೆ ಸೇರಿಸುತ್ತದೆ. ಖಾತೆ ಕ್ಲಾಸನ್ನು ಘೋಷಿಸಿ ಸುಮ್ಮನಾದರೆ ಅದರ ಗಂಟಿನ ಕೆಳಗೆ ಕನ್‌ಸ್ಟ್ರಕ್ಟರ್ ಇರುವುದಿಲ್ಲ. ಹತ್ತು ಪುಟಗಳಾಚೆ ಒಂದು ಖಾತೆಯನ್ನು ಸೃಷ್ಟಿಸಿದೊಡನೆ ಹಿಂದಿನ ಆ ಗಂಟಿನ ಕೆಳಗೆ, 'ಇಂಪ್ಲಿಸಿಟ್' ಗುರುತಿನೊಂದಿಗೆ, ಅವು ಮೂಡುತ್ತವೆ. ಸಮಯ ಮತ್ತು ಸ್ಮೃತಿಯ ಉಳಿತಾಯಕ್ಕೆ ಇದು ಸರಿ. ವರ್ಣನೆಯ ದೃಷ್ಟಿಯಿಂದ ನೋಡಿದರೆ ಒಂದು ಘಟಕದ ರಚನೆ ಅದರ ಬಳಕೆಯಿಂದ ಬದಲಾಯಿತು, ಇರಬೇಕಾದದ್ದಕ್ಕೂ ಗುರುತು ಇಲ್ಲದೆ ಹೋಯಿತು. 'ದಿಸ್' ವಿಷಯದಲ್ಲಿ ಲೋಪಕ್ಕೂ ಅಭಾವಕ್ಕೂ ಗೆರೆ ಎಳೆದ ವೃಕ್ಷ ಇಲ್ಲಿ ಆ ಗೆರೆಯನ್ನು ಅಳಿಸಿದೆ.

ಕನ್ನಡ ವೃಕ್ಷಟಿಪ್ಪಣಿಗೆ ಇದರಿಂದ ಬರುವ ಪ್ರಶ್ನೆಯನ್ನು ಒಂದು ವಾಕ್ಯದ ಮೇಲೆ ಪರೀಕ್ಷಿಸಬಹುದು: 'ಬಂದು, ನೋಡಿ, ಹೋದನು.' ಕರ್ತೃಪದ ಎಲ್ಲಿಯೂ ಇಲ್ಲ, ಕ್ರಿಯೆಗಳು ಮೂರು, ಪ್ರತ್ಯಯದ ಸುಳಿವಿರುವುದು ಕೊನೆಯದರಲ್ಲಿ ಮಾತ್ರ. ಕ್ಲ್ಯಾಂಗ್ ತನ್ನ ಭಾಷೆಯಲ್ಲಿ ಇಂಥದ್ದನ್ನು ಕಂಡಾಗ ಪ್ರತಿ ಸದಸ್ಯನಾಮದ ಕೆಳಗೂ ಹೊಸದೊಂದು 'ದಿಸ್' ಗಂಟನ್ನು ಇಡುತ್ತದೆ. 'ಶಿಲ್ಕು + ಬಡ್ಡಿ' ಎಂದರೆ ಎರಡು. ಅಲ್ಲಿ ತೊಂದರೆಯಿಲ್ಲ, ಏಕೆಂದರೆ ಒಂದು ಮೆಥಡಿನೊಳಗೆ 'ದಿಸ್' ಯಾವಾಗಲೂ ಒಂದೇ ಆಬ್ಜೆಕ್ಟನ್ನು ತೋರಿಸುತ್ತದೆ. ಕನ್ನಡದಲ್ಲಿ 'ಮಳೆ ಬಂದು ಕೆರೆ ತುಂಬಿತು' ಎಂಬಂತೆ ಭೂತಕೃದಂತಕ್ಕೂ ಮುಖ್ಯಕ್ರಿಯೆಗೂ ಕರ್ತೃಗಳು ಬೇರೆಯಾಗಬಹುದಾದ್ದರಿಂದ, ಮೂರು ಶೂನ್ಯ ಗಂಟುಗಳನ್ನು ಇಟ್ಟು ಅವು ಒಂದೇ ಎಂಬುದನ್ನು ಹೇಳದೆ ಬಿಡುವಂತಿಲ್ಲ. ನಾವು ಸೂಚಿಸುವ ಕ್ರಮ ಹೀಗಿದೆ: ಪುರುಷಪ್ರತ್ಯಯವುಳ್ಳ 'ಹೋದನು' ಎಂಬುದರ ಕೆಳಗೆ ಲೋಪದ ಗುರುತಿರುವ ಒಂದೇ ಗಂಟು, ಅದರ ಸ್ಥಳವಾಗಿ ಆ ಪ್ರತ್ಯಯದ ಸ್ಥಳ, 'ಬಂದು', 'ನೋಡಿ' ಎಂಬವುಗಳಿಂದ ಅದ

ೇ ಗಂಟಿಗೆ ಕಾರಕದ ಹೆಸರು ಹೊತ್ತ ಕೊಂಡಿಗಳು. 'ನನಗೆ ಗೊತ್ತು' ಎಂಬಂಥ ಕಡೆ ಕೊಂಡಿಯ ಹೆಸರು ಅದೇ ಉಳಿಯಬೇಕು, ವಿಭಕ್ತಿಯನ್ನು ಗಂಟಿನ ಮೇಲೆ ಬೇರೆಯಾಗಿ ನಮೂದಿಸಬೇಕು. 'ತಡವಾಯಿತು' ಎಂಬುದಕ್ಕೆ ಗಂಟೂ ಬೇಡ, ಕೊಂಡಿಯೂ ಬೇಡ.